ಹೊಸಬೆಂಗ್ರೆಯ ಹೆಪ್ಪು

ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೈಮೇಲೊಂದು ಬಿದ್ದುಕೊಂಡು ಸುಖವಾಗಿ ಕೆಳಗಿಳಿಯುತ್ತಿದ್ದವು. ಒಂದು ಹಸಿರು, ಇನ್ನೊಂದು ಕಂದು. ಅವು ಬೇರೆ ಬೇರೆಯಾಗಲಿ ಎಂದೇ ಡಾಕ್ಟರ್ ವಾರಿಜ ಕುಂದರ್ ತನ್ನ ವಯಸ್ಸಿನ ಒಳ್ಳೆಯ ಕಾಲವನ್ನೆಲ್ಲ ಕಡಲಪಾಚಿಯ ವಾಸನೆಯಲ್ಲಿ ಕಳೆದಿದ್ದಳು. ಹೊಸತಾಗಿ ಮದುವೆಯಾದವರೂ ಇಷ್ಟು ಅನ್ಯೋನ್ಯವಾಗಿರುವುದಿಲ್ಲ, ಈ ದರಿದ್ರ ಗೆರೆಗಳು!

“ಯಂತ್ರ ಕೆಟ್ಟಿದೆಯಾ ಫ್ಲೇವಿಯಾ?”

“ಯಂತ್ರಕ್ಕೆ ಎಂತ ಧಾಡಿ? ಚೆನ್ನಾಗಿಯೇ ಉಂಟು,” ಎಂದಳು ಫ್ಲೇವಿಯಾ ಲೂವಿಸ್. ಸಂಶೋಧನಾಲಯದ ಅಂಕಿಅಂಶವೆಲ್ಲ ಅವಳ ಕೈಯಲ್ಲಿ. “ತಿರುಗಿಸಿ ಮುರುಗಿಸಿ ನೋಡಿದೆ. ಹಸಿರು ಗುಂಪಿನವರ ತೂಕವೂ ಇಳಿದಿದೆ, ಕಂದು ಗುಂಪಿನವರದ್ದೂ ಇಳಿದಿದೆ. ರಕ್ತದ ಸಕ್ಕರೆಯೂ ಹಾಗೆಯೇ. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇಲ್ಲ ಮಾರಾಯ್ತಿ.”

ಹಿಂದೆ ನಿಂತಿದ್ದ ನಿರ್ದೇಶಕ ಜಯತೀರ್ಥ ಉಪಾಧ್ಯರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟ ಸುದ್ದಿ ಹೇಳುವ ಮೊದಲು ಕನ್ನಡಕ ಒರೆಸುವುದು ಇಡೀ ಕಟ್ಟಡಕ್ಕೇ ಗೊತ್ತಿದ್ದ ಸಂಗತಿ.

“ವಾರಿಜಾ, ಮದ್ದು ತಿಂದವರೂ ಇಳಿದರು, ತಿನ್ನದವರೂ ಇಳಿದರು ಅಂದರೆ ಅರ್ಥ ಒಂದೇ. ಇಳಿಸಿದ್ದು ಮದ್ದಲ್ಲ. ಯಾರೋ ತಿಂಗಳು ತಿಂಗಳು ತೂಕ ನೋಡುತ್ತಾರೆ ಅಂದರೆ ಮನುಷ್ಯ ಎರಡು ತುತ್ತು ಕಡಿಮೆ ಉಣ್ಣುತ್ತಾನೆ, ಅಷ್ಟೇ. ಶನಿವಾರ ಬೆಂಗಳೂರಿನಿಂದ ಸಮಿತಿ ಬರುತ್ತದೆ. ಅವರು ಮುಚ್ಚಿ ಅಂತಾರೆ. ಮುಚ್ಚಿದರೆ ನಿಯಮದ ಪ್ರಕಾರ ಜೀವಾಣುವನ್ನೂ ಬೇಯಿಸಿ ನಾಶಮಾಡಬೇಕು. ಮನಸ್ಸು ಗಟ್ಟಿ ಮಾಡಿಕೊಳ್ಳಿ.”

“ನನ್ನ ಮನಸ್ಸು ಗಟ್ಟಿಯೇ ಇದೆ ಸರ್. ನಾನು ಹೊಸಬೆಂಗ್ರೆಯವಳು. ನಮ್ಮ ಕೇರಿಯವರು ತೂಕ ನೋಡುತ್ತಾರೆ ಅಂತ ಎರಡು ತುತ್ತು ಕಡಿಮೆ ಉಣ್ಣುವ ಪೈಕಿ ಅಲ್ಲ. ಇದರಲ್ಲಿ ಏನೋ ಇದೆ,” ಎಂದಳು ವಾರಿಜ.

ಅವಳ ಇಡೀ ಕೆಲಸ ನಿಂತದ್ದು ಒಂದು ಪ್ರಶ್ನೆಯ ಮೇಲೆ. ಮನುಷ್ಯನ ಹೊಟ್ಟೆಗೆ ಕಡಲಪಾಚಿ ಅರಗಿಸಲು ಬಂದರೆ ಏನಾದೀತು? ದನ ಹುಲ್ಲು ತಿಂದು ಬದುಕುತ್ತದೆ, ನಿಜ. ಆದರೆ ಹುಲ್ಲನ್ನು ಅರಗಿಸುವುದು ದನವಲ್ಲ, ಅದರ ಹೊಟ್ಟೆಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು. ನಮ್ಮ ಹೊಟ್ಟೆಯಲ್ಲಿ ಪಾಚಿಯನ್ನು ಕತ್ತರಿಸುವ ಜೀವಿಯೇ ಇಲ್ಲ. ಹಾಗಾಗಿ ತಿಂದ ಪಾಚಿ ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಗೆ ಹೋಗುತ್ತದೆ. ಇತ್ತ ಅಲೆ ಬಡಿಯುವ ಕಲ್ಲಿನ ಮೇಲೆ, ಅದೇ ಪಾಚಿಯ ಮೈಯಲ್ಲೇ, ಅದನ್ನು ತಿಂದು ಬದುಕುವ ಒಂದು ಜೀವಾಣು ಇತ್ತು. ವಾರಿಜ ಅದನ್ನು ತಂದು, ತಲೆಮಾರಿನ ಮೇಲೆ ತಲೆಮಾರು ಬೆಳೆಸಿ, ಉಪ್ಪುನೀರಿನ ಬದಲು ಹಾಲಿನಲ್ಲಿ ಬದುಕಲು ಕಲಿಸಿದಳು. ಅದಕ್ಕೆ ಉದ್ದದ ಲ್ಯಾಟಿನ್ ಹೆಸರು ಇತ್ತು. ಅವಳು ಕರೆಯುವುದು ಮಾತ್ರ ‘ಮರಿ’ ಎಂದು.

ಮರಿ ಹೊಟ್ಟೆಗೆ ಹೋದರೆ ಪಾಚಿಯನ್ನು ಚೂರು ಚೂರು ಮಾಡುತ್ತದೆ. ಆ ಚೂರುಗಳು ಪಿತ್ತಕೋಶದ ಪಕ್ಕದ ಯಕೃತ್ತಿಗೆ ಹೋಗಿ ‘ಸಾಕು, ಇನ್ನು ಕೊಬ್ಬು ಕೂಡಿಡಬೇಡ’ ಎಂದು ಹೇಳುತ್ತವೆ. ಪಾಚಿಯೊಳಗೆ ಕಟ್ಟಿಬಿದ್ದಿದ್ದ ಕಂದು ಬಣ್ಣದ ಅಂಶ ಬಿಡುಗಡೆಯಾಗಿ, ಮೈಯ ಕೊಬ್ಬನ್ನು ನಿಧಾನಕ್ಕೆ ಉರಿಸಿ ಬೆಚ್ಚಗಿನ ಶಾಖ ಮಾಡುತ್ತದೆ. ಜೊತೆಗೆ ಮುರುಗಲ ಸಿಪ್ಪೆಯ ಹುಳಿ ಸೇರಿದರೆ ಸಕ್ಕರೆ ಕೊಬ್ಬಾಗುವ ದಾರಿಗೂ ಅರ್ಧ ಅಡ್ಡಗಟ್ಟೆ. ಇಲಿಗಳಲ್ಲಿ ಇದೆಲ್ಲ ಚೆನ್ನಾಗಿ ನಡೆದಿತ್ತು. ಇಲಿಗಳು ಯಾವಾಗಲೂ ಒಳ್ಳೆಯ ಮಕ್ಕಳು, ಪರೀಕ್ಷೆಯಲ್ಲಿ ಪಾಸಾಗುತ್ತವೆ. ಮನುಷ್ಯರದ್ದೇ ಕಷ್ಟ.

ಹೊಸಬೆಂಗ್ರೆಯನ್ನು ಆರಿಸಿದ್ದು ಅದಕ್ಕೇ. ಕುಂದಾಪುರದ ಅಳಿವೆಯ ಪಕ್ಕ ಮರಳಿನ ನಾಲಗೆಯ ಮೇಲೆ ಒತ್ತೊತ್ತಾಗಿ ಮನೆಗಳು. ದೋಣಿಗಳು ತಾವೇ ಕಡಲಿಗೆ ಹೋಗಿ ತಾವೇ ಬರುವ ಕಾಲ ಬಂದಿತ್ತು. ಗಂಡಸರು ದಡದಲ್ಲಿ ಕೂತು ಗುಂಡಿ ಒತ್ತುತ್ತಿದ್ದರು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ಸುತ್ತುತ್ತಿದ್ದ ಹೆಂಗಸರು ಈಗ ಪಾಚಿ ಒಣಗಿಸುವ ಅಂಗಳದಲ್ಲೋ ಮಂಜುಗಡ್ಡೆ ಕಾರ್ಖಾನೆಯಲ್ಲೋ ಕೂತು ದುಡಿಯುತ್ತಿದ್ದರು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಕೂತು ದುಡಿಯುವವರಿಗೆ ರವಿಕೆಯ ಬಟ್ಟೆ ಸಾಲದು. ಬುಟ್ಟಿ ಹೊರುವ ಕಾಲದ ಊಟ ಮಾತ್ರ ಬದಲಾಗಿರಲಿಲ್ಲ. ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ, ಮನೆಗೊಬ್ಬರಿಗೆ ಮಂಡಿ ನೋವು.

ಪ್ರಯೋಗ ಸರಳವಾಗಿತ್ತು. ಒಪ್ಪಿಕೊಂಡ ಎಲ್ಲ ಮನೆಗೂ ಪಾಚಿ ಮತ್ತು ಮುರುಗಲ ಸಿಪ್ಪೆಯ ಒಂದೇ ಪುಡಿ. ಜೊತೆಗೆ ಒಂದು ಕುಡಿಕೆ ಹೆಪ್ಪು. ಅರ್ಧ ಮನೆಗಳ ಹೆಪ್ಪಿನಲ್ಲಿ ಮರಿ ಇತ್ತು, ಅದು ಹಸಿರು ಗುಂಪು. ಉಳಿದ ಅರ್ಧಕ್ಕೆ ಬರೀ ಹೆಪ್ಪು, ಅದು ಕಂದು ಗುಂಪು. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಕೊಟ್ಟ ವಾರಿಜಳಿಗೂ ಗೊತ್ತಿಲ್ಲ. ಫ್ಲೇವಿಯಾಳ ಯಂತ್ರಕ್ಕೆ ಮಾತ್ರ ಗೊತ್ತು. ದಿನಾ ರಾತ್ರಿ ಹಾಲಿಗೆ ಆ ಹೆಪ್ಪು ಹಾಕುವುದು, ಬೆಳಿಗ್ಗೆ ಗಂಜಿಗೆ ಆ ಮೊಸರು ಸುರಿದು ಉಣ್ಣುವುದು. ಮೀನಿನ ಜೊತೆ ಮೊಸರು ಸೇರಿಸಿದರೆ ತೊನ್ನು ಬರುತ್ತದೆ ಎಂದು ಕೇರಿಯ ಹೆಂಗಸರು ಮೊದಲೇ ಹೇಳಿದ್ದರಿಂದ ಬೆಳಗಿನ ಹೊತ್ತೇ ಸರಿ ಎಂದು ತೀರ್ಮಾನವಾಗಿತ್ತು. ವಾರಿಜ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಳು. ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ ಎಂಬ ನಂಬಿಕೆ ಅವಳಿಗೆ ಇತ್ತು.

ಪರದೆಯ ಗೆರೆಗಳನ್ನು ನೋಡಿದ ದಿನವೇ ಬೆಳಿಗ್ಗೆ ಕೇರಿಯಲ್ಲಿ ಕೊನೆಯ ತೂಕ. ಒಬ್ಬೊಬ್ಬರೇ ತಕ್ಕಡಿ ಹತ್ತಿ ನಗುತ್ತ ಇಳಿದರು. ಸುಗಂಧಿ ಮಾತ್ರ ನಗಲಿಲ್ಲ. ಅವಳು ಕೇರಿಯ ತುದಿಮನೆಯಲ್ಲಿ ಒಬ್ಬಳೇ ಇರುವವಳು, ಮಂಜುಗಡ್ಡೆ ಕಾರ್ಖಾನೆಯ ಮಧ್ಯಾಹ್ನದ ಪಾಳಿಗೆ ಹೋಗುವವಳು, ಮಾತಿನಲ್ಲಿ ಇಡೀ ಕೇರಿಯನ್ನು ಮಾರಿ ಬರುವವಳು. ಯಕೃತ್ತಿಗೆ ಕೊಬ್ಬು ತುಂಬಿ ಗಟ್ಟಿಯಾಗುತ್ತಿದೆ, ತೂಕ ಇಳಿಯದಿದ್ದರೆ ಹೆಚ್ಚು ಕಾಲ ತಡೆಯುವುದಿಲ್ಲ ಎಂದು ಮಣಿಪಾಲದ ವೈದ್ಯರು ಅವಳಿಗೆ ಹೇಳಿಯಾಗಿತ್ತು.

“ನಿನ್ನ ಮದ್ದ್ ನನ್ನ ಕಂಡ್ರೆ ಹೆದರಿ ಓಡಿ ಹೋತ್ತಾ ಏನ ಡಾಕ್ಟ್ರಮ್ಮ?” ಎಂದಳು ಸುಗಂಧಿ, ಮುಳ್ಳು ಅಲ್ಲೇ ನಿಂತದ್ದನ್ನು ನೋಡಿ. “ಮುತ್ತಕ್ಕ ಇಳ್ದ್ಲ್, ಅವಳ ನಾದಿನಿ ಇಳ್ದ್ಲ್. ನಾನ್ ಎಂತ ಪಾಪ ಮಾಡಿದೆ? ನೀ ಹೇಳ್ದಂಗೇ ಉಂಡಿದೆ, ದೇವ್ರಾಣೆ.”

“ಗೊತ್ತು ಸುಗಂಧಿಯಕ್ಕ. ನೀವು ಸುಳ್ಳು ಹೇಳುವವರಲ್ಲ.”

“ಸುಳ್ಳ್ ಹೇಳ್ತೆ, ಹೇಳುದಿಲ್ಲ ಅಂತಿಲ್ಲ. ಆದ್ರೆ ಜೀವದ್ ವಿಷಯದಂಗೆ ಹೇಳುದಿಲ್ಲ,” ಎಂದು ಅವಳು ಮೆಲ್ಲಗೆ ತಕ್ಕಡಿ ಇಳಿದು, ಗೋಡೆ ಹಿಡಿದುಕೊಂಡು ಹೋದಳು. ಮಧ್ಯಾಹ್ನ ಆ ಎರಡು ಗೆರೆಗಳನ್ನು ನೋಡಿದಾಗಲೂ ವಾರಿಜಳ ಕಣ್ಣ ಮುಂದೆ ಇದ್ದದ್ದು ಗೋಡೆ ಹಿಡಿದು ಹೋದ ಆ ಹೆಂಗಸೇ.

ಸಂಜೆ ಮನೆಗೆ ಬಂದಾಗ ಅಕ್ಕ ಬೇಬಿ ಅಂಗಳದ ಮೂಲೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮದುವೆಯಾಗದ ತಂಗಿ, ಗಂಡನನ್ನು ಕಳೆದುಕೊಂಡ ಅಕ್ಕ, ಇಬ್ಬರದ್ದೇ ಸಂಸಾರ. ತಂಗಿಯ ಪ್ರಯೋಗದಲ್ಲಿ ಒಡಹುಟ್ಟಿದವಳಿಗೆ ಜಾಗವಿಲ್ಲ ಎಂದು ನಿಯಮ ಇದ್ದದ್ದರಿಂದ ಬೇಬಿಯಕ್ಕನನ್ನು ಹೊರಗಿಟ್ಟಿದ್ದರು. “ಊರಿಗೆಲ್ಲ ಮದ್ದ್, ಮನೆಗೆ ಮಣ್ಣ್” ಎಂದು ಅವಳು ಮೊದಮೊದಲು ದಿನಾ ಹಂಗಿಸುತ್ತಿದ್ದಳು. ಈಚೆಗೆ ಹಂಗಿಸುವುದನ್ನೂ ಬಿಟ್ಟಿದ್ದಳು. ಕೆಲಸದ ಗಡಿಬಿಡಿಯಲ್ಲಿ ವಾರಿಜ ಅದನ್ನು ಗಮನಿಸಿರಲಿಲ್ಲ.

ಬಟ್ಟೆ ಹಿಂಡುವಾಗ ಬಳೆಗಳು ಸರ್ರನೆ ಮೊಣಕೈಗೆ ಜಾರಿದವು. ವಾರಿಜ ನಿಂತು ನೋಡಿದಳು. ಸೋಪು ಹಚ್ಚಿ ಎಳೆದರೂ ಬಾರದ ಬಳೆಗಳು ಅವು. ಅಕ್ಕನ ರವಿಕೆಯ ಬೆನ್ನಿಗೆ ಎರಡು ಪಿನ್ನು ಚುಚ್ಚಿತ್ತು.

“ಅಕ್ಕ, ಎಂತ ಇದ್? ಎಷ್ಟ್ ಇಳ್ದಿದ್ದೆ ನೀನು!”

ಬೇಬಿಯಕ್ಕ ಬಟ್ಟೆಯನ್ನು ಹಾಗೇ ಬಕೆಟ್ಟಿಗೆ ಬಿಟ್ಟಳು. ಅವಳ ಮುಖ ಸಣ್ಣದಾಯಿತು.

“ಹೇಳುದ್ ಬೇಡ ಅಂದ್ಕಂಡಿದ್ದೆ. ನಿನ್ನ ಪರೀಕ್ಷೆ ಮುಗಿಲಿ ಅಂದೇಳಿ ಸುಮ್ನಿದ್ದೆ. ಅಬ್ಬಿಗೂ ಹೀಂಗೇ ಶುರುವಾದ್ದ್ ಅಲ್ದಾ? ಮೊದ್ಲ್ ಬಳೆ ಜಾರಿತ್, ಆಮೇಲೆ ರವಿಕೆ ದೊಡ್ಡ ಆಯ್ತ್. ಊರವ್ರೆಲ್ಲ ಸಪೂರ ಆಯ್ದ್ಲ್, ಚೆಂದ ಆಯ್ದ್ಲ್ ಅಂದ್ರ್. ಆಮೇಲೆ ಹೊಟ್ಟೆ ಒಳ್ಗೆ ಗಡ್ಡೆ ಅಂದ್ರ್. ನಂಗೂ ಅದೇ ಮಾರಾಯ್ತಿ. ನಂಗ್ ಗೊತ್ತ್.”

ವಾರಿಜ ಅಕ್ಕನ ಒದ್ದೆ ಕೈ ಹಿಡಿದುಕೊಂಡಳು. ಅಮ್ಮ ಒಣಗಿ ಒಣಗಿ ಹೋದದ್ದು ಅವಳ ಕಣ್ಣ ಮುಂದೆಯೇ. ಹಸಿವು ಹೇಗಿದೆ, ಸುಸ್ತು ಇದೆಯೇ, ನೋವು ಇದೆಯೇ ಎಂದು ಒಂದೊಂದಾಗಿ ಕೇಳಿದಳು. ಹಸಿವು ಚೆನ್ನಾಗಿದೆ, ಸುಸ್ತಿಲ್ಲ, ಮಂಡಿ ನೋವು ಕೂಡ ಮೊದಲಿನಷ್ಟಿಲ್ಲ. ಅಕ್ಕನ ಬೆರಳು ಚುಚ್ಚಿ ಮನೆಯಲ್ಲಿದ್ದ ಸಕ್ಕರೆ ಅಳೆಯುವ ಯಂತ್ರದಲ್ಲಿ ನೋಡಿದಳು. ವರ್ಷಗಟ್ಟಲೆ ಹಟ ಹಿಡಿದಿದ್ದ ಸಕ್ಕರೆ ಸಾಧುವಾಗಿ ಕೆಳಗೆ ಕೂತಿತ್ತು. ಗಡ್ಡೆ ಇರುವ ಮೈ ಹೀಗಿರುವುದಿಲ್ಲ. ಹಾಗಾದರೆ ಇದೇನು? ಅಕ್ಕ ಪ್ರಯೋಗದಲ್ಲಿಲ್ಲ, ಕುಡಿಕೆ ಕೊಟ್ಟಿಲ್ಲ. ಪಾಚಿಯನ್ನೇನೋ ತಿನ್ನುತ್ತಾಳೆ, ಒಣಗಿಸುವ ಅಂಗಳದಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಚಟ್ನಿಗೂ ಪಾಚಿ, ಸಾರಿಗೂ ಪಾಚಿ. ಆದರೆ ಬರೀ ಪಾಚಿಯಿಂದ ಯಾರೂ ಇಳಿಯುವುದಿಲ್ಲ.

ಬೇಬಿಯಕ್ಕ ಕಣ್ಣೊರೆಸಿಕೊಂಡು ಆಕಾಶ ನೋಡಿದಳು. “ಅಯ್ಯೋ, ಕತ್ತಲಾತ್ತ್. ಹೆಪ್ಪ್ ತರುಕಿತ್ತ್,” ಎಂದು ಒಂದು ಲೋಟ ಹಿಡಿದು ದುಡುದುಡು ಪಕ್ಕದ ಮುತ್ತಕ್ಕನ ಮನೆಗೆ ಹೋದಳು. ತಿರುಗಿ ಬಂದಾಗ ಲೋಟದ ತಳದಲ್ಲಿ ಒಂದು ಚಮಚ ಮೊಸರು.

“ನಮ್ಮ ಮನೆಯಲ್ಲಿ ಮೊಸರಿಲ್ಲವಾ?” ಎಂದಳು ವಾರಿಜ.

“ಇತ್ತಪ್ಪ. ಆದ್ರೆ ಮುತ್ತಕ್ಕನ ಹೆಪ್ಪಿನ್ ಮೊಸ್ರ್ ಕಂಡಿದ್ಯಾ ನೀನು? ಕತ್ತಿಯಂಗೆ ಕೊಯ್ದ್ ತಿನ್ಕ್, ಅಷ್ಟ್ ಗಟ್ಟಿ! ನಾನೊಬ್ಳೇ ಅಲ್ಲ, ಇಡೀ ಕೇರಿ ಅವಳ ಮನೆ ಬಾಗ್ಲಲ್ಲೇ. ನಿಮ್ಮ ಆಫೀಸಿಂದ ಕೊಟ್ಟ ಹೆಪ್ಪ್ ಕೆಲವ್ರದ್ದ್ ಗಟ್ಟಿ ಆತ್ತ್, ಕೆಲವ್ರದ್ದ್ ನೀರ್ ನೀರ್. ನೀರ್ ಆದವ್ರ್ ಎಂತ ಮಾಡುದ್? ಗಟ್ಟಿ ಇದ್ದವ್ರ ಹತ್ರ ತರುದ್. ಹೆಪ್ಪ್ ಕೇಣ್ದವ್ರಿಗೆ ಇಲ್ಲ ಅಂಬುಕಾತ್ತಾ?”

ವಾರಿಜ ಅಕ್ಕನ ಕೈಯ ಲೋಟವನ್ನು ಓರೆ ಮಾಡಿ ನೋಡಿದಳು, ಮೊಸರು ಅಲುಗಲಿಲ್ಲ. ಮುತ್ತಕ್ಕ ಹಸಿರೋ ಕಂದೋ ಇಲ್ಲಿಯವರೆಗೆ ಅವಳಿಗೆ ತಿಳಿದಿರಲಿಲ್ಲ, ಈಗ ತಿಳಿಯಿತು. ಅಲೆ ಬಡಿಯುವ ಕಲ್ಲಿನಿಂದ ಕೊಚ್ಚಿಹೋಗದಂತೆ ಮರಿ ತನ್ನ ಸುತ್ತ ಒಂದು ಅಂಟು ನೂಲುತ್ತದೆ. ಆ ಅಂಟು ಹಾಲಿನಲ್ಲೂ ನೂಲುತ್ತದೆ. ಆ ಅಂಟಿನಿಂದಲೇ ಮೊಸರು ಕತ್ತಿಯಲ್ಲಿ ಕೊಯ್ಯುವಷ್ಟು ಗಟ್ಟಿ. ರಕ್ತ ಅಳೆದರು, ಸೊಂಟ ಅಳೆದರು, ಉಸಿರು ಅಳೆದರು. ಒಂದು ಮನೆಯ ಮೊಸರನ್ನು ಬೆರಳಲ್ಲಿ ಮುಟ್ಟಿ ನೋಡಿದವರು ಯಾರೂ ಇಲ್ಲ! ತಾನು ಇದೇ ಕೇರಿಯಲ್ಲಿ ಹುಟ್ಟಿ, ಲೋಟ ಹಿಡಿದು ಹೆಪ್ಪಿಗೆ ಓಡಿದವಳು. ಓದಿ ಓದಿ ಅದನ್ನೇ ಮರೆತಿದ್ದಳು. ಅವಳಿಗೆ ನಗು ಬಂತು, ತಡೆಯಲಾರದಷ್ಟು ಬಂತು.

“ನಾನ್ ಸಾಯ್ತಿದ್ದೆ, ನೀ ನಗ್ತ್ಯಾ?” ಎಂದು ಬೇಬಿಯಕ್ಕ ರೇಗಿದಳು.

“ನೀನು ಸಾಯೂದಿಲ್ಲ ಅಕ್ಕ! ನಿಂಗೆ ಗಡ್ಡೆಯೂ ಇಲ್ಲ, ಮಣ್ಣೂ ಇಲ್ಲ. ನೀನು ನನ್ನ ಮದ್ದನ್ನೇ ಕದ್ದು ತಿಂದಿದ್ದೆ!” ಎಂದು ವಾರಿಜ ಅಕ್ಕನನ್ನು ತಬ್ಬಿಕೊಂಡಳು. ಬೇಬಿಯಕ್ಕ ತಲೆಬುಡ ತಿಳಿಯದಿದ್ದರೂ ತಂಗಿಯ ಭುಜದ ಮೇಲೆ ಮುಖವಿಟ್ಟು ಗಳಗಳ ಅತ್ತಳು. ಆಮೇಲೆ ಎದ್ದು, ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚಿದಳು.

ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಏದುಸಿರು ಕೇಳಿಸಿತು. ಕಾರ್ಖಾನೆಯಿಂದ ಬರುತ್ತಿದ್ದ ಸುಗಂಧಿ.

“ಹ್ವಾಯ್ ಬೇಬಿ, ಒಂದ್ ಚಮ್ಚ ಹೆಪ್ಪ್ ಕೊಡ್ ಮಾರಾಯ್ತಿ. ನಂದ್ ಪೂರಾ ನೀರಾಯ್ತ್.”

“ದೀಪ ಹಚ್ಚಿ ಆಯ್ತಲೆ ಸುಗಂಧಿ. ಹಚ್ಚಿದ್ ಮೇಲೆ ಹಾಲ್ ಮೊಸ್ರ್ ಕೊಡುಕಾಗ, ಲಕ್ಷ್ಮಿ ಹಿಂದೇ ಹೋತ್ಲ್. ನಾಳೆ ಹೊತ್ತಿಗ್ ಮುಂಚೆ ಬಾ.”

“ನಾಳೆಯೂ ನಾನ್ ಬಪ್ಪುದ್ ಇದೇ ಹೊತ್ತಿಗೆ. ಬೆಳಿಗ್ಗೆ ಕೇಂಬ ಅಂದ್ರೆ ನೀವೆಲ್ಲ ಗಂಜಿಗ್ ಸುರ್ದ್ ಪಾತ್ರೆ ತೊಳ್ದಿರ್ತ್ರಿ, ಮುತ್ತಕ್ಕ ಸಂಜೆಗೆ ಅಂದೇಳಿ ಎತ್ತಿಟ್ಟದ್ದನ್ನ್ ಹಗಲ್ ಮುಟ್ಟುಕ್ ಬಿಡುದಿಲ್ಲ. ನನ್ನ ಪಾಳಿಗೂ ನಿಮ್ಮ ಲಕ್ಷ್ಮಿಗೂ ಆಗಿಬರುದಿಲ್ಲ ಬಿಡ್,” ಎಂದು ಸುಗಂಧಿ ಖಾಲಿ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದಳು. ದನಿಯಲ್ಲಿ ತಮಾಷೆ ಇತ್ತು, ಮುಖದಲ್ಲಿ ಇರಲಿಲ್ಲ.

ವಾರಿಜ ಬಾಗಿಲಲ್ಲಿ ನಿಂತು ಅವಳು ಹೋಗುವುದನ್ನೇ ನೋಡಿದಳು. ಹೆಪ್ಪು ಕೇರಿಯೆಲ್ಲ ತಿರುಗಿದೆ. ಆದರೆ ದೀಪ ಹಚ್ಚಿದ ಮೇಲೆ ಬರುವವರ ಮನೆಗೆ ಮಾತ್ರ ಹೋಗಿಲ್ಲ. ಕೂಗಿ ಕರೆಯಬೇಕು, ಒಂದು ಚಮಚ ಕೊಟ್ಟುಬಿಡಬೇಕು ಎಂದು ನಾಲಗೆಯ ತುದಿಗೆ ಬಂದಿತ್ತು. ಕೊಟ್ಟರೆ ನಾಳೆ ಅವಳ ಮೊಸರಿನಲ್ಲೂ ಮರಿ ಸಿಗುತ್ತದೆ, ಇದನ್ನು ಸಾಬೀತು ಮಾಡುವ ಒಂದೇ ದಾರಿಯೂ ಮುಚ್ಚುತ್ತದೆ, ಶನಿವಾರ ಮರಿಯನ್ನು ಬೇಯಿಸುತ್ತಾರೆ, ಸುಗಂಧಿಗೂ ಸಿಗುವುದಿಲ್ಲ, ಸುಗಂಧಿಯಂಥ ಇನ್ನಾರಿಗೂ ಸಿಗುವುದಿಲ್ಲ. ಅವಳು ತುಟಿ ಕಚ್ಚಿ ಒಳಗೆ ಬಂದಳು. ಅಂದಿನ ಊಟ ಅವಳಿಗೆ ರುಚಿಸಲಿಲ್ಲ.

ಶುಕ್ರವಾರ ಇಡೀ ದಿನ ಮನೆಮನೆ ತಿರುಗಿ ಮೊಸರು ಎತ್ತಿ ತಂದಳು. ಕೇರಿಯವರು ಡಾಕ್ಟ್ರಮ್ಮನಿಗೆ ಬುದ್ಧಿ ಕೆಟ್ಟಿತೆಂದರು. ಮೊಸರಿನ ಜೊತೆ ಉಪ್ಪಿನಕಾಯಿಯನ್ನೂ ಕೊಟ್ಟರು. ಸೂಕ್ಷ್ಮದರ್ಶಕದ ಕೆಳಗೆ ಮರಿ ತನ್ನ ಅಂಟಿನ ನೂಲು ಎಳೆದುಕೊಂಡು, ಅರ್ಧಕ್ಕಿಂತ ಎಷ್ಟೋ ಹೆಚ್ಚು ಮನೆಗಳ ಮೊಸರಿನಲ್ಲಿ ಮದುವೆ ಮನೆಯ ನೆಂಟರ ಹಾಗೆ ತುಂಬಿಕೊಂಡಿತ್ತು. ಸುಗಂಧಿಯ ಮನೆಯ ನೀರು ಮೊಸರಿನಲ್ಲಿ ಮಾತ್ರ ಒಂದೂ ಇರಲಿಲ್ಲ.

ಶನಿವಾರ ಸಮಿತಿ ಬಂತು. ಉಪಾಧ್ಯರು ಮೊದಲೇ ಕನ್ನಡಕ ಒರೆಸಿಕೊಂಡಿದ್ದರು. ಪರದೆಯ ಮೇಲೆ ಅವೇ ಎರಡು ಗೆರೆಗಳು. ಸಮಿತಿಯ ಹಿರಿಯ ಸದಸ್ಯೆ, ಬಿಳಿಕೂದಲಿನ ಹೆಂಗಸು, ಪೆನ್ನಿನ ಮುಚ್ಚಳ ಹಾಕಿ “ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲವಲ್ಲ” ಎಂದರು.

“ಉಳಿದಿದೆ ಮೇಡಂ,” ಎಂದು ವಾರಿಜ ಎದ್ದು ನಿಂತಳು. “ಫ್ಲೇವಿಯಾ, ಯಂತ್ರ ಮುಟ್ಟುವ ಮೊದಲು ನನ್ನ ಮಾತು ಬರೆದುಕೋ. ಆಮೇಲೆ ನೋಡಿ ಹೇಳಿದಳು ಅನ್ನಬಾರದು. ಕಂದು ಗುಂಪನ್ನು ಎರಡು ಮಾಡು. ಸಂಜೆ ಮನೆಯಲ್ಲಿರುವವರು ಒಂದು ಕಡೆ, ದೀಪ ಹಚ್ಚಿದ ಮೇಲೆ ಕೆಲಸದಿಂದ ಬರುವವರು ಇನ್ನೊಂದು ಕಡೆ. ಸಂಜೆ ಮನೆಯಲ್ಲಿರುವವರು ಹಸಿರು ಗೆರೆಯ ಜೊತೆ ಇಳಿಯುತ್ತಾರೆ. ಕತ್ತಲಾದ ಮೇಲೆ ಬರುವವರು ಒಂದು ಕೂದಲೆಳೆಯಷ್ಟೂ ಇಳಿದಿರುವುದಿಲ್ಲ.”

“ದೀಪ ಹಚ್ಚಿದ ಮೇಲೆ?” ಸದಸ್ಯೆಯ ಹುಬ್ಬು ಮೇಲೇರಿತು. “ಇದು ವಿಜ್ಞಾನವೋ ಪಂಚಾಂಗವೋ?”

“ಒಂದು ನಿಮಿಷ ತಡೆದರೆ ಗೊತ್ತಾಗುತ್ತದೆ ಮೇಡಂ.”

ಫ್ಲೇವಿಯಾ ಶಿಲುಬೆಯ ಗುರುತು ಮಾಡಿಕೊಂಡು ಗುಂಡಿ ಒತ್ತಿದಳು. ಕಂದು ಗೆರೆ ಒಮ್ಮೆ ನಡುಗಿತು, ಅಳಿಸಿತು, ಎರಡಾಗಿ ಮತ್ತೆ ಮೂಡಿತು. ಒಂದು ಹಸಿರಿನ ಮೈಗಂಟಿಕೊಂಡು ಕೆಳಗೆ ಹೋಯಿತು. ಇನ್ನೊಂದು ನೆಟ್ಟಗೆ, ಹಗ್ಗ ಕಟ್ಟಿ ಎಳೆದ ಹಾಗೆ, ಹೊರಟ ಮಟ್ಟದಲ್ಲೇ ಕೊನೆಯವರೆಗೂ ಹೋಯಿತು. ಉಪಾಧ್ಯರು ಕನ್ನಡಕ ತೆಗೆದು ಒರೆಸುವುದನ್ನು ಮರೆತು ಹಾಕಿಕೊಂಡೇ ಬಗ್ಗಿ ನೋಡಿದರು.

“ಯೇಸು ಮರಿಯಾ!” ಎಂದಳು ಫ್ಲೇವಿಯಾ.

ವಾರಿಜ ಹೆಪ್ಪಿನ ಕಥೆ ಹೇಳಿದಳು. ಗಟ್ಟಿ ಮೊಸರು, ಮುತ್ತಕ್ಕನ ಬಾಗಿಲು, ದೀಪದ ಕಟ್ಟಳೆ, ಅಕ್ಕನ ಬಳೆ. ಮೊಸರಿನ ಮಾದರಿಗಳನ್ನು ಮುಂದಿಟ್ಟಳು. ಬಿಳಿಕೂದಲಿನ ಸದಸ್ಯೆ ಎಲ್ಲ ಕೇಳಿ, ಒಮ್ಮೆ ನಕ್ಕು, ಮರುಗಳಿಗೆ ಗಂಭೀರವಾದರು.

“ಮದ್ದು ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ ಅದು ತಪ್ಪಿಸಿಕೊಂಡು ಓಡಿದೆ. ಒಪ್ಪಿಗೆ ಕೊಡದ ಜನ ತಿಂದಿದ್ದಾರೆ, ಮಕ್ಕಳು ತಿಂದಿರಬಹುದು, ಬಸುರಿಯರು ತಿಂದಿರಬಹುದು. ಇದಕ್ಕೆ ನೀವೇ ಜವಾಬ್ದಾರಿ. ನಾನು ನಾಶಮಾಡಿ ಅಂದರೆ?”

“ಜವಾಬ್ದಾರಿ ನನ್ನದೇ ಮೇಡಂ. ಇವತ್ತು ಸಂಜೆಯೇ ಮನೆಮನೆಗೆ ಹೋಗಿ ನಿಮ್ಮ ಮೊಸರಿನಲ್ಲಿ ಇಂಥದ್ದಿದೆ ಎಂದು ಹೇಳುತ್ತೇನೆ. ಬೇಡವೆಂದವರು ಪಾತ್ರೆ ಬೇಯಿಸಿ ಬೇರೆ ಹೆಪ್ಪು ಹಾಕಲಿ. ಮಗುವಿನಿಂದ ಮುದುಕಿಯವರೆಗೆ ಪ್ರತಿಯೊಬ್ಬರನ್ನೂ ಪರೀಕ್ಷೆ ಮಾಡುತ್ತೇನೆ. ಒಬ್ಬರಿಗೆ ತೊಂದರೆ ಕಂಡರೂ ನಾನೇ ಬಂದು ಹೇಳುತ್ತೇನೆ.” ಅವಳು ಒಂದು ಉಸಿರು ತೆಗೆದುಕೊಂಡಳು. “ಆದರೆ ನಾಶಮಾಡುವ ಮಾತು ಬಿಡಿ. ಪ್ರಯೋಗಾಲಯದ ಬಾಟಲಿಗಳನ್ನು ಬೇಯಿಸಬಹುದು. ಕೇರಿಯ ಹೆಪ್ಪನ್ನು ಯಾರು ಬೇಯಿಸುತ್ತಾರೆ? ಒಂದು ಮನೆಯಲ್ಲಿ ಹುಳಿಯಾದರೆ ಇನ್ನೊಂದು ಮನೆಯಿಂದ ತರುತ್ತಾರೆ. ನಮ್ಮ ಅಜ್ಜಿಯ ಅಜ್ಜಿಯ ಹೆಪ್ಪೂ ಹಾಗೆಯೇ ಉಳಿದು ಬಂದದ್ದು.”

ಸಮಿತಿ ಆ ದಿನ ಮುಚ್ಚಿ ಎನ್ನಲಿಲ್ಲ. ಕೊಡಿ ಎಂದೂ ಹೇಳಲಿಲ್ಲ. ಎಲ್ಲರ ಪರೀಕ್ಷೆ ಮುಗಿಯುವವರೆಗೆ ಹೊಸಬರಿಗೆ ಒಂದು ಚಮಚವೂ ಹೋಗಬಾರದು ಎಂದಿತು. ವಾರಿಜ ಕೇರಿಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಒಂದಿಬ್ಬರು ಹೆದರಿ ಪಾತ್ರೆ ಬೇಯಿಸಿದರು. ಮುತ್ತಕ್ಕ ಮಾತ್ರ ತನ್ನ ಮೊಸರು ಸರಕಾರದವರೆಗೆ ಹೋಯಿತೆಂದು ವಾರವಿಡೀ ಜಂಬದಲ್ಲಿ ತಿರುಗಿದಳು. ಸಭೆಯಲ್ಲಿ 'ದೀಪ ಹಚ್ಚಿದ ಮೇಲೆ ಬರುವವರಿಗೆ ಸಿಕ್ಕಿಲ್ಲ' ಎಂಬ ಮಾತು ಬಂದಾಗ ಸುಗಂಧಿ ಎದ್ದು ಹೋದಳು. ಅಂದಿನಿಂದ ಅವಳು ಬೇಬಿಯಕ್ಕನ ಅಂಗಳ ತುಳಿಯಲಿಲ್ಲ.

ಮಳೆಗಾಲ ಬಂದು ಹೋಯಿತು. ಮಕ್ಕಳು, ಬಸುರಿಯರು, ಮುದುಕರು, ಎಲ್ಲರ ರಕ್ತವೂ ಉಸಿರೂ ಪರೀಕ್ಷೆಯಾದವು. ಮರಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಕೊಬ್ಬಿಲ್ಲದ ಮೈಯಲ್ಲಿ ಅದು ಸುಮ್ಮನೆ ಪಾಚಿ ತಿಂದುಕೊಂಡು ಕೂತಿತ್ತು. ಕಡೆಗೆ ಬೆಂಗಳೂರಿನಿಂದ ಉಪಾಧ್ಯರಿಗೆ ಫೋನು ಬಂತು. ಇನ್ನು ಕೊಡಬಹುದು, ಮೊದಲು ಉಳಿದುಹೋದವರಿಗೆ ಕೊಡಿ. ಇದನ್ನು ಡಬ್ಬಿಯಲ್ಲಿ ಹಾಕಿ ಮಾರುವ ಯೋಚನೆಯನ್ನು ಬೆಂಗಳೂರಿನವರು ಆಗಲೇ ಕೈಬಿಟ್ಟಿದ್ದರು. ನೆರೆಮನೆಯಲ್ಲಿ ಕೇಳಿದರೆ ಸಿಗುವುದನ್ನು ಯಾರು ಕೊಳ್ಳುತ್ತಾರೆ?

ವಾರಿಜ ಅಂದೇ ಬೆಳಿಗ್ಗೆ ಸಂಶೋಧನಾಲಯದ ಕುಡಿಕೆ ಹಿಡಿದು ಸುಗಂಧಿಯ ಮನೆಗೆ ಓಡಿದಳು. ಸುಗಂಧಿ ಪಾಳಿಗೆ ಹೋಗಲು ಊಟದ ಡಬ್ಬಿ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಪಾದ ಊದಿತ್ತು, ಕಣ್ಣು ಹಳದಿ ತಿರುಗಿತ್ತು. ಕುಡಿಕೆ ನೋಡಿ ಮುಖ ತಿರುಗಿಸಿದಳು.

“ನಂಗ್ ಬೇಡ.”

“ಸುಗಂಧಿಯಕ್ಕ, ಹಟ ಮಾಡುವ ಹೊತ್ತಲ್ಲ ಇದು. ವೈದ್ಯರು ಹೇಳಿದ್ದು ನೆನಪಿಲ್ಲವಾ?”

“ನೆನಪಿತ್ತ್. ನೀ ಬಾಗಿಲಲ್ಲಿ ನಿಂತ್ ನನ್ನ ಖಾಲಿ ಪಾತ್ರೆ ಕಂಡದ್ದೂ ನೆನಪಿತ್ತ್. ನಿಂಗ್ ಆಗಳೇ ಗೊತ್ತಿತ್ತ್ ಅಲ್ದಾ?”

ವಾರಿಜ ತಲೆ ತಗ್ಗಿಸಲಿಲ್ಲ. “ಗೊತ್ತಿತ್ತು. ಅವತ್ತು ಕೊಟ್ಟಿದ್ದರೆ ಇವತ್ತು ಯಾರಿಗೂ ಕೊಡಲಿಕ್ಕೆ ಆಗುತ್ತಿರಲಿಲ್ಲ. ನನ್ನ ಮೇಲೆ ಎಷ್ಟು ಸಿಟ್ಟಾದರೂ ಮಾಡಿ. ಮದ್ದಿನ ಮೇಲೆ ಮಾಡಬೇಡಿ.”

“ನಿನ್ನ ಮೇಲೆ ಎಂತ ಸಿಟ್ಟ್? ನೀನ್ ಓದ್ದವಳ್, ನಿಂಗ್ ನಿನ್ನ ಲೆಕ್ಕ,” ಎಂದಳು ಸುಗಂಧಿ. “ಬೇಬಿ ನಂಗ್ ಇಲ್ಲ ಅಂದ್ಲ್. ಒಟ್ಟಿಗೆ ಬುಟ್ಟಿ ಹೊತ್ತವ್ರ್ ನಾವ್. ಹೆಪ್ಪ್ ಅಂದ್ರೆ ಆಸ್ಪತ್ರೆಯಿಂದ ಬಪ್ಪುದಲ್ಲ ಹೆಣೆ, ಮನೆಯಿಂದ ಬರ್ಕ್. ತಕಂಡ್ ಹೋಗ್ ಅದನ್ನ್.”

ವಾರಿಜ ಮನೆಗೆ ಬಂದು ಅಕ್ಕನಿಗೆ ಹೇಳಿದಳು. ಬೇಬಿಯಕ್ಕ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಮತ್ತೆ ತುರಿಯಲು ಶುರುಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಮುತ್ತಕ್ಕನ ಮನೆಗೆ ಹೋದಳು. ಅಲ್ಲಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ.

ಸಂಜೆ ವಾರಿಜ ಸಂಶೋಧನಾಲಯದಿಂದ ಬರುವಾಗ ಸೂರ್ಯ ಕಡಲಿಗಿಳಿದಾಗಿತ್ತು. ಕೇರಿ ವಿಚಿತ್ರವಾಗಿ ಕಂಡಿತು. ಒಂದು ಮನೆಯಲ್ಲೂ ಬೆಳಕಿಲ್ಲ. ಬೇಬಿಯಕ್ಕ ದೇವರ ಮುಂದೆ ಬತ್ತಿ ಹೊಸೆದಿಟ್ಟು, ಎಣ್ಣೆ ತುಂಬಿಸಿ, ಬೆಂಕಿಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮೊಸರಿನ ಪಾತ್ರೆ.

“ಅಕ್ಕ, ಕತ್ತಲಾಯಿತಲ್ಲ. ದೀಪ?”

“ಗಡಿಬಿಡಿ ಎಂತಕ್ಕೆ? ಹಚ್ಚುವ. ಲಕ್ಷ್ಮಿ ಒಂಚೂರ್ ಕಾಯ್ಲಿ,” ಎಂದಳು ಬೇಬಿಯಕ್ಕ. “ದೀಪ ಹಚ್ಚಿದ್ ಮೇಲೆ ಕೊಡುಕಾಗ ಅಂತ್ರ್. ಇಂಥ ಹೊತ್ತಿಗೇ ಹಚ್ಕ್ ಅಂದೇಳಿ ಯಾರೂ ಹೇಳ್ಲಿಲ್ಲ.”

ವಾರಿಜ ಅಕ್ಕನ ಪಕ್ಕ ಕೂತಳು. ಕಡಲ ಸದ್ದು ಬಿಟ್ಟರೆ ಕೇರಿಯಲ್ಲಿ ಬೇರೆ ಸದ್ದಿಲ್ಲ. ಎಲ್ಲ ಜಗಲಿಗಳಲ್ಲೂ ಜನ ಕೂತಿರುವುದು ಕತ್ತಲೆಯಲ್ಲಿ ಮಸುಕಾಗಿ ಕಾಣುತ್ತಿತ್ತು. ಕಾರ್ಖಾನೆಯ ಸೈರನ್ ಕೇಳಿ ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಏದುಸಿರು, ಎಳೆದು ಹಾಕುವ ಹೆಜ್ಜೆ.

“ಎಂತ ಇದ್, ಕೇರಿಗ್ ಪೂರಾ ಕರೆಂಟ್ ಹೋಯ್ತಾ?” ಎಂದಿತು ಸುಗಂಧಿಯ ದನಿ. “ಕಣ್ಣೇ ಕಾಂತಿಲ್ಲ!”

ಬೇಬಿಯಕ್ಕ ಎದ್ದು ಅಂಗಳಕ್ಕೆ ಇಳಿದಳು. “ಕರೆಂಟ್ ಇತ್ತ್. ದೀಪ ಹಚ್ಚಲಿಲ್ಲ ಇನ್ನೂ, ಯಾರ ಮನೆಯಲ್ಲೂ ಹಚ್ಚಲಿಲ್ಲ. ಪಾತ್ರೆ ತಾ ಸುಗಂಧಿ.”

ಓಣಿಯಲ್ಲಿ ಹೆಜ್ಜೆ ನಿಂತಿತು. ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು, ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಊಟದ್ ಡಬ್ಬಿ ಇತ್ತ್, ಅದ್ರಂಗೇ ಹಾಕ್,” ಎಂದಳು. “ಒಂದ್ ಚಮ್ಚ ಸಾಕ್. ಹೆಪ್ಪಿಗಲ್ದಾ.”

ಬೇಬಿಯಕ್ಕ ಕತ್ತಲೆಯಲ್ಲೇ ತಡವಿ ಒಂದು ಚಮಚ ಗಟ್ಟಿ ಮೊಸರು ಹಾಕಿದಳು. ಸುಗಂಧಿಯ ಹೆಜ್ಜೆ ಓಣಿಯ ತುದಿ ಮುಟ್ಟಿ, ಅವಳ ಮನೆಯ ಬಾಗಿಲು ಕಿರ್ರೆಂದ ಮೇಲೆ, ಬೇಬಿಯಕ್ಕ ಒಳಗೆ ಹೋಗಿ ದೀಪಕ್ಕೆ ಬೆಂಕಿಕಡ್ಡಿ ಗೀರಿದಳು.